ನೆಲದ ಮೇಲಿನ ವಿಮಾನ

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ವಿಮಾನದ ವಿಷಯವಾಗಿ ಲೇಖನ ಬರೆಯಹೊರಟಿರುವುದನ್ನು ಕಂಡು ನನ್ನ ಸಹಪಾಠಿಗಳು ನಗಬಹುದು. ಇತಿಹಾಸ, ರಾಜ್ಯಶಾಸ್ತ್ರಗಳನ್ನು ಓದುವವಳಿಗೆ ರೆಕ್ಕೆ, ಎಂಜಿನ್‌ಗಳ ಗೊಡವೆ ಏಕೆ ಎಂದು ಅವರು ಕೇಳಿದರೆ ತಪ್ಪಲ್ಲ. ಆದರೆ ನಾನು ಹೇಳಬೇಕೆಂದಿರುವುದು ಯಂತ್ರದ ಕಥೆಗಿಂತ ಹೆಚ್ಚಾಗಿ ನಿಯಮದ ಕಥೆ. ನಿಯಮಗಳು ಏಕೆ ಹುಟ್ಟುತ್ತವೆ, ಅವನ್ನು ಸಡಿಲಬಿಟ್ಟರೆ ಏನಾಗುತ್ತದೆ ಎಂಬುದು ನಮ್ಮ ತರಗತಿಯ ಪಾಠವೇ ಆಗಿರುವುದರಿಂದ, ಈ ವಿಷಯ ನನ್ನ ಅಧಿಕಾರಕ್ಕೆ ಪೂರ್ತಿ ಹೊರಗಿನದೇನೂ ಅಲ್ಲವೆಂದು ನಂಬಿ ಬರೆಯುತ್ತಿದ್ದೇನೆ.

ಇದರ ಮೂಲ ಒಂದು ಸಣ್ಣ ಪ್ರಸಂಗ. ಎನ್.ಸಿ.ಸಿ.ಯ ವಾಯುದಳದ ಶಿಬಿರವೊಂದರಲ್ಲಿ ನಮ್ಮನ್ನು ಒಂದು ಕೋಣೆಗೆ ಕರೆದೊಯ್ದು, ಪರದೆಯ ಮುಂದೆ ಕುಳ್ಳಿರಿಸಿ, ಕೈಗೆ ಒಂದು ಹಿಡಿಕೋಲು ಕೊಟ್ಟರು. ಕೋಲನ್ನು ಎಳೆದರೆ ಪರದೆಯ ಮೇಲಿನ ನೆಲ ಕೆಳಗಿಳಿಯುತ್ತಿತ್ತು, ತಳ್ಳಿದರೆ ಮೇಲೇರಿ ಬರುತ್ತಿತ್ತು. ಎರಡು ಬಾರಿ ನೆಲಕ್ಕೆ ಅಪ್ಪಳಿಸಿ ಮೂರನೆಯ ಬಾರಿ ನಾನು ಹೇಗೋ ವಿಮಾನವನ್ನು ಇಳಿಸಿದೆ. ಆ ಸಂತೋಷದಲ್ಲಿ ಅಂದು ರಾತ್ರಿ ನನ್ನ ದಿನಚರಿಯ ಪುಸ್ತಕದಲ್ಲಿ “ಹಾರಾಟ: 20 ನಿಮಿಷ” ಎಂದು ಬರೆದುಕೊಂಡೆ. ಮರುದಿನ ಪುಸ್ತಕಗಳನ್ನು ನೋಡಿದ ನಮ್ಮ ಶಿಕ್ಷಕರು ಆ ಸಾಲನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದರು.

“ಏನಮ್ಮಾ, ಇದು ಹಾರಾಟವೆ?” ಎಂದರು.

“ಅಲ್ಲವೆ ಸರ್? ಹಿಡಿಕೋಲಿತ್ತು, ನಿಲ್ದಾಣವಿತ್ತು, ಇಳಿಸಿದ್ದೂ ನಾನೇ” ಎಂದೆ.

“ಇದು ಆಟ. ಇದನ್ನು ಅಭ್ಯಾಸವೆಂದಾದರೂ ಬರೆಯಬೇಕಾದರೆ, ಈ ಯಂತ್ರ ವಿಮಾನದಂತೆಯೇ ನಡೆದುಕೊಳ್ಳುತ್ತದೆ ಎಂದು ಯಾರಾದರೂ ಪರೀಕ್ಷೆ ಮಾಡಿ ಸಹಿ ಹಾಕಿರಬೇಕು. ಯಾರು ಹಾಕಿದ್ದಾರೆ?” ಎಂದು ಅವರು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಆ ಸಹಿ ಯಾರದು, ಅವರು ಏನನ್ನು ನೋಡಿ ಸಹಿ ಹಾಕುತ್ತಾರೆ ಎಂಬುದನ್ನು ತಿಳಿಯಲು ಹೊರಟುದರ ಫಲವೇ ಈ ಲೇಖನ.

ಹಾರ್ಮೋನಿಯಂ ತಿದಿಯಿಂದ ಹುಟ್ಟಿದ ವಿಮಾನ

ನೆಲದ ಮೇಲೆಯೇ ಕುಳಿತು ಹಾರುವುದನ್ನು ಕಲಿಸುವ ಯಂತ್ರಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಕನ್ನಡದಲ್ಲಿ ಅನುಕರಣ ಯಂತ್ರವೆನ್ನಬಹುದು. ಇದನ್ನು ಬಳಕೆಗೆ ತಂದವರಲ್ಲಿ ಅಗ್ರಗಣ್ಯನಾದವನು ಅಮೆರಿಕದ ಎಡ್ವಿನ್ ಲಿಂಕ್. ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಅವನ ತಂದೆಗೆ ಆರ್ಗನ್, ಪಿಯಾನೋಗಳ ಕಾರ್ಖಾನೆಯಿತ್ತು. ನಮ್ಮ ಹಾರ್ಮೋನಿಯಂನಂತೆಯೇ ಆರ್ಗನ್ನೂ ಗಾಳಿಯ ತಿದಿಗಳಿಂದ ನುಡಿಯುವ ವಾದ್ಯ. ಹಾರಾಟ ಕಲಿಯುವುದು ದುಬಾರಿಯೆಂದು ಕಂಡ ಲಿಂಕ್ ಆ ತಿದಿಗಳನ್ನೇ ಬಳಸಿ, ಗಾಳಿಯ ಒತ್ತಡದಿಂದ ಬಾಗಿ ಹೊರಳುವ ಒಂದು ಪುಟ್ಟ ವಿಮಾನದ ಪೆಟ್ಟಿಗೆಯನ್ನು 1929ರ ಹೊತ್ತಿಗೆ ಸಿದ್ಧಪಡಿಸಿದ. ಮೊದಮೊದಲು ವಿಮಾನಶಾಲೆಗಳು ಅದನ್ನು ಲಕ್ಷಿಸಲಿಲ್ಲ. ಅದು ಮಾರಾಟವಾದುದು ವಿನೋದದ ಉದ್ಯಾನಗಳಿಗೆ. ಜಾತ್ರೆಯ ತೊಟ್ಟಿಲಂತೆ ಜನ ಕಾಸು ಕೊಟ್ಟು ಅದರಲ್ಲಿ ಕುಳಿತು ನಕ್ಕು ಬರುತ್ತಿದ್ದರು.

1934ರಲ್ಲಿ ಪರಿಸ್ಥಿತಿ ಬದಲಾಯಿತು. ಅಮೆರಿಕದ ಸರಕಾರ ವಿಮಾನದ ಅಂಚೆಯನ್ನು ಸಾಗಿಸುವ ಕೆಲಸವನ್ನು ಖಾಸಗಿ ಸಂಸ್ಥೆಗಳಿಂದ ತೆಗೆದು ಸೈನ್ಯದ ವಾಯುದಳಕ್ಕೆ ವಹಿಸಿತು. ಚಳಿಗಾಲದ ಮಂಜು, ರಾತ್ರಿಯ ಕತ್ತಲೆ. ಕಣ್ಣಿಗೆ ಏನೂ ಕಾಣದಾಗ ಉಪಕರಣಗಳನ್ನೇ ನಂಬಿ ಹಾರುವ ಅಭ್ಯಾಸ ಆ ಸೈನಿಕರಲ್ಲಿ ಬಹುಮಂದಿಗೆ ಇರಲಿಲ್ಲ. ಕೆಲವೇ ವಾರಗಳಲ್ಲಿ ಹಲವಾರು ತರುಣರು ಪ್ರಾಣ ಕಳೆದುಕೊಂಡರು. ಆಗ ಸೈನ್ಯಕ್ಕೆ ಲಿಂಕ್‌ನ ಪೆಟ್ಟಿಗೆಯ ನೆನಪಾಯಿತು. ತಲಾ 3,500 ಡಾಲರಿನಂತೆ ಆರು ಯಂತ್ರಗಳನ್ನು ಅದು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಸುಮಾರು 5 ಲಕ್ಷ ವೈಮಾನಿಕರು ಆ ನೀಲಿ ಪೆಟ್ಟಿಗೆಯಲ್ಲಿ ಕುಳಿತು ಕಲಿತಿದ್ದರೆಂದು ಲೆಕ್ಕ.

ಜಾತ್ರೆಯ ಆಟಿಕೆಯೂ ಸೈನ್ಯದ ಗುರುವೂ ಒಂದೇ ಯಂತ್ರವಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ಅದು ಆಟವೋ ಪಾಠವೋ ಎಂಬುದು, ಅದನ್ನು ಯಾರು, ಯಾವ ಕ್ರಮದಲ್ಲಿ, ಯಾವುದನ್ನು ಕಲಿಸಲು ಬಳಸುತ್ತಾರೆಂಬುದರ ಮೇಲೆ ನಿಂತಿದೆ.

ಆಕಾಶದಲ್ಲಿಯೇ ಕಲಿತರಾಗದೆ?

“ದಡದಲ್ಲಿ ನಿಂತು ಈಜು ಕಲಿಯಲಾದೀತೆ?” ಎಂದು ಕೇಳುವವರುಂಟು. ವಿಮಾನವನ್ನು ಆಕಾಶದಲ್ಲಿಯೇ ಕಲಿಯಲಿ ಎಂಬುದು ಅವರ ವಾದ. ಚಿಕ್ಕ ವಿಮಾನದ ಮೊದಲ ಪಾಠಗಳಿಗೆ ಇದು ಸರಿಯೇ. ಬೆಂಗಳೂರಿನ ಜಕ್ಕೂರಿನಂತಹ ಶಾಲೆಗಳಲ್ಲಿ ವಿದ್ಯಾರ್ಥಿಗಳು ಹಿಂದಿನಿಂದಲೂ ಪುಟ್ಟ ವಿಮಾನಗಳಲ್ಲಿ ಹಾರಿಯೇ ಕಲಿತಿದ್ದಾರೆ. ಆದರೆ ನೂರಾರು ಜನರನ್ನು ಹೊರುವ ಜೆಟ್ ವಿಮಾನದಲ್ಲಿ ಎಂಜಿನ್ ಕೆಡುವುದನ್ನು, ಬೆಂಕಿ ಹೊತ್ತುವುದನ್ನು ಎಲ್ಲಿ ಅಭ್ಯಾಸ ಮಾಡಿಸುವುದು? ನಿಜವಾದ ವಿಮಾನದಲ್ಲಿ ಮಾಡಿಸಲು ಹೋದರೆ ಏನಾಗಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ.

1994ರ ಮಾರ್ಚ್ 8ರಂದು ದೆಹಲಿಯ ಪಾಲಂ ನಿಲ್ದಾಣದಲ್ಲಿ ಒಂದು ಬೋಯಿಂಗ್ 737 ವಿಮಾನದಲ್ಲಿ ಹೊಸಬರಿಗೆ ತರಬೇತಿ ನಡೆಯುತ್ತಿತ್ತು. ನೆಲವನ್ನು ಮುಟ್ಟಿ ಮತ್ತೆ ಮೇಲೇರುವ ಪಾಠ. ಜೊತೆಗೆ ಒಂದು ಎಂಜಿನ್ ನಿಂತಂತೆ ಮಾಡಿ ಸಂಭಾಳಿಸುವ ಅಭ್ಯಾಸ. ಒಂದು ಎಂಜಿನ್ ಸೊರಗಿದಾಗ ವಿಮಾನ ಆ ಕಡೆಗೆ ತಿರುಗತೊಡಗುತ್ತದೆ. ಬಾಲದಲ್ಲಿರುವ ರಡರ್ ಎಂಬ ಚುಕ್ಕಾಣಿಯನ್ನು ಇನ್ನೊಂದು ಕಡೆಗೆ ಒತ್ತಿ ಅದನ್ನು ನೇರಕ್ಕೆ ತರಬೇಕು. ಕಲಿಯುವವರ ಕಾಲು ತಪ್ಪು ಕಡೆಯನ್ನು ಒತ್ತಿತು. ತಿದ್ದಿಕೊಳ್ಳುವಷ್ಟು ಎತ್ತರವಾಗಲಿ ಸಮಯವಾಗಲಿ ಇರಲಿಲ್ಲ. ವಿಮಾನ ನೆಲಕ್ಕೆ ಬಿದ್ದು, ಅಲ್ಲಿ ನಿಂತಿದ್ದ ರಷ್ಯದ ಒಂದು ವಿಮಾನಕ್ಕೆ ಅಪ್ಪಳಿಸಿತು. ನೆಲದ ಮೇಲೆ ಕೆಲಸದಲ್ಲಿದ್ದವರೂ ಸೇರಿ 9 ಮಂದಿ ಸತ್ತರು.

ತಪ್ಪು ಕಾಲು ಒತ್ತುವುದು ಕಲಿಯುವವನ ಹಕ್ಕು. ತಪ್ಪದೆ ಕಲಿತವನು ಯಾರಿದ್ದಾನೆ? ಆದರೆ ಆ ಹಕ್ಕನ್ನು ಚಲಾಯಿಸಲು ಸ್ಥಳ ಬೇಕು. ಸಿಮ್ಯುಲೇಟರ್ ಆ ಸ್ಥಳವನ್ನು ಒದಗಿಸುತ್ತದೆ. ಅಲ್ಲಿ ಬಿದ್ದವನು ಎದ್ದು, ನೀರು ಕುಡಿದು, “ಇನ್ನೊಮ್ಮೆ” ಎನ್ನಬಹುದು. ಗರಡಿಯ ಮಟ್ಟಿಯ ಮೇಲೆ ಬಿದ್ದು ಕಲಿತವನು ಕಣದಲ್ಲಿ ನಿಲ್ಲುವಂತೆ ಇದು.

ಯಂತ್ರದ ಒಳಗುಟ್ಟು

ಇಂದಿನ ದೊಡ್ಡ ಸಿಮ್ಯುಲೇಟರ್ ಹೊರಗಿನಿಂದ ನೋಡಿದರೆ ಆರು ಕಾಲುಗಳ ಮೇಲೆ ನಿಂತ ಬಿಳಿಯ ಕೋಣೆಯಂತಿರುತ್ತದೆ. ಒಳಗೆ ಚಾಲಕರ ಕೊಠಡಿ ಒಂದು ಗುಂಡಿಯೂ ಬಿಡದಂತೆ ನಿಜ ವಿಮಾನದ್ದೇ. ಎದುರಿಗೆ ಸುಮಾರು 180 ಡಿಗ್ರಿ ಅಗಲದ ಪರದೆಯಲ್ಲಿ ನಿಲ್ದಾಣ, ಮೋಡ, ಮಳೆ. ಆ ಆರು ಕಾಲುಗಳು ಉದ್ದವಾಗಿ ಗಿಡ್ಡವಾಗಿ ಕೋಣೆಯನ್ನು ಆರು ಬಗೆಗಳಲ್ಲಿ ಚಲಿಸಬಲ್ಲವು.

ಇಲ್ಲಿ ಒಂದು ಸ್ವಾರಸ್ಯವಿದೆ. ಮೇಲೇರುವ ಮುನ್ನ ವಿಮಾನ ಓಡತೊಡಗಿದಾಗ ನಮ್ಮ ಬೆನ್ನು ಕುರ್ಚಿಗೆ ಒತ್ತುತ್ತದಷ್ಟೆ. ನಿಂತಲ್ಲೇ ನಿಂತ ಕೋಣೆಯಲ್ಲಿ ಈ ಅನುಭವ ಹೇಗೆ ಬರಬೇಕು? ಯಂತ್ರ ಏನು ಮಾಡುತ್ತದೆಂದರೆ, ಪರದೆಯ ಮೇಲೆ ದಾರಿಯನ್ನು ಸಮತಟ್ಟಾಗಿಯೇ ತೋರಿಸುತ್ತ, ಗೊತ್ತಾಗದಷ್ಟು ನಿಧಾನವಾಗಿ ಕೋಣೆಯನ್ನು ಹಿಂದಕ್ಕೆ ವಾಲಿಸುತ್ತದೆ. ನಮ್ಮ ಭಾರವೇ ನಮ್ಮನ್ನು ಕುರ್ಚಿಗೆ ಒತ್ತುತ್ತದೆ. ವೇಗ ಏರುತ್ತಿದೆಯೆಂದು ನಮ್ಮ ಕಿವಿಯೊಳಗಿನ ಸಮತೋಲದ ಇಂದ್ರಿಯ ನಂಬಿಬಿಡುತ್ತದೆ. ಇದು ಶುದ್ಧ ಮೋಸ, ಆದರೆ ಉಪಯುಕ್ತವಾದ ಮೋಸ.

ಸಿಮ್ಯುಲೇಟರ್ ಹೀಗೆ ಮೊದಲಿನಿಂದ ಕೊನೆಯವರೆಗೆ ಸುಳ್ಳು ಹೇಳುವ ಯಂತ್ರ. ನಿಜ ವಿಮಾನಕ್ಕೆ ಸುಳ್ಳು ಹೇಳಲು ಬಾರದು. ಗಾಳಿಯ ಧರ್ಮ ಅದನ್ನು ಕಟ್ಟಿಹಾಕಿದೆ. ಅನುಕರಣ ಯಂತ್ರವಾದರೋ, ಅದನ್ನು ಕಟ್ಟಿದವನು ಬರೆದಿಟ್ಟ ಲೆಕ್ಕದಂತೆ ನಡೆಯುತ್ತದೆ. ಲೆಕ್ಕ ಸರಿಯಿದ್ದರೆ ಸರಿ. ತಪ್ಪಿದ್ದರೆ ತಪ್ಪನ್ನೂ ಅಷ್ಟೇ ಚೆನ್ನಾಗಿ ಕಲಿಸುತ್ತದೆ. ನಿಯಮ ಬೇಕಾಗುವುದು ಈ ಕಾರಣದಿಂದಲೇ.

ಅಳೆಯುವ ಕೋಲು

ಅಮೆರಿಕದ ವಿಮಾನಯಾನ ಆಡಳಿತ ದೊಡ್ಡ ಸಿಮ್ಯುಲೇಟರ್‌ಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ದರ್ಜೆಗಳಲ್ಲಿ ಇರಿಸುತ್ತದೆ. ಡಿ ಎಲ್ಲಕ್ಕಿಂತ ಮೇಲಿನದು. ದರ್ಜೆ ಏರಿದಂತೆ ಚಲನೆ, ನೋಟ, ಶಬ್ದ, ಕಂಪನಗಳು ನಿಜಕ್ಕೆ ಹತ್ತಿರವಾಗಬೇಕು. ಅದರಂತೆ ಅಲ್ಲಿ ಕಲಿಸಬಹುದಾದ ಪಾಠಗಳೂ ಹೆಚ್ಚುತ್ತವೆ. ಯೂರೋಪಿನಲ್ಲಿಯೂ ಭಾರತದಲ್ಲಿಯೂ ಇದೇ ಬಗೆಯ ಕ್ರಮವುಂಟು. 1944ರ ಷಿಕಾಗೋ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಎಲ್ಲ ದೇಶಗಳ ಮಾರ್ಗದರ್ಶನಕ್ಕಾಗಿ ಈ ಯಂತ್ರಗಳನ್ನು ಅಳೆಯುವ ಒಂದು ಕೈಪಿಡಿಯನ್ನು 1995ರಿಂದ ಪ್ರಕಟಿಸುತ್ತ ಬಂದಿದೆ.

ಅಳೆಯುವ ವಿಧಾನ ಸರಳವೂ ಕಟ್ಟುನಿಟ್ಟಿನದೂ ಆಗಿದೆ. ಮೊದಲು ನಿಜ ವಿಮಾನವನ್ನು ಉಪಕರಣಗಳೊಡನೆ ಹಾರಿಸಿ, ಹಿಡಿಕೋಲನ್ನು ಇಷ್ಟು ಎಳೆದರೆ ಮೂಗು ಎಷ್ಟು ಏಳುತ್ತದೆ, ಎಂಜಿನ್ ಆರಿದರೆ ಎಷ್ಟು ಬೇಗ ತಿರುಗುತ್ತದೆ ಎಂಬಿವೇ ಮೊದಲಾದ ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ಅನಂತರ ಅದೇ ಕ್ರಿಯೆಗಳನ್ನು ಸಿಮ್ಯುಲೇಟರಿನಲ್ಲಿ ಮಾಡಿ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ಗೊತ್ತುಪಡಿಸಿದಷ್ಟು ಅಂತರದೊಳಗೆ ಅವು ಕೂಡಿದರೆ ಮಾತ್ರ ಯಂತ್ರಕ್ಕೆ ಅರ್ಹತಾಪತ್ರ. ಒಮ್ಮೆ ಪತ್ರ ಸಿಕ್ಕಿತೆಂದು ಕುಳಿತುಕೊಳ್ಳುವಂತಿಲ್ಲ. ಅಮೆರಿಕದ ನಿಯಮದಲ್ಲಿ ಈ ಪರೀಕ್ಷೆಗಳ ಒಂದೊಂದು ಭಾಗವನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಬೇಕು. ಬಳಸುವ ದಿನ ಮುಂಚೆಯೇ ಪರಿಶೀಲಿಸಬೇಕು. ಕೆಟ್ಟುಹೋದ ಭಾಗಗಳ ಪಟ್ಟಿಯನ್ನು ಬಳಸುವವರಿಗೆ ಕಾಣುವಂತೆ ಇಟ್ಟಿರಬೇಕು. ಸಾಮಾನ್ಯವಾಗಿ 30 ದಿನಗಳೊಳಗೆ ಅವನ್ನು ಸರಿಪಡಿಸಬೇಕು. ಕೆಟ್ಟ ಭಾಗ ಬೇಕಾಗುವ ಪಾಠವನ್ನು ಆ ಯಂತ್ರದಲ್ಲಿ ಹೇಳಿಕೊಡಕೂಡದು.

ನಮ್ಮ ಶಿಕ್ಷಕರು ಕೇಳಿದ ಸಹಿಯ ಹಿಂದೆ ಇರುವುದು ಇಷ್ಟು ಕೆಲಸ.

ತಪ್ಪು ಕಲಿಸಿದ ಯಂತ್ರ

ಇಷ್ಟಾದರೂ ತಪ್ಪು ನುಸುಳಿತು. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್‌ನ ಏರ್‌ಬಸ್ ಎ300 ವಿಮಾನ ಮುಂದೆ ಹೋಗಿದ್ದ ದೊಡ್ಡ ವಿಮಾನವೊಂದರ ಹಿಂದೆ ಎದ್ದ ಗಾಳಿಯ ಸುಳಿಯನ್ನು ಹೊಕ್ಕಿತು. ಅಂತಹ ಸುಳಿ ವಿಮಾನವನ್ನು ಒಂದಿಷ್ಟು ಅಲುಗಿಸಿ ಬಿಡುತ್ತದೆ. ಅಪಾಯ ಅಷ್ಟಾಗಿ ಇಲ್ಲ. ಆದರೆ ಸಹಚಾಲಕ ರಡರನ್ನು ಎಡಕ್ಕೂ ಬಲಕ್ಕೂ ಪೂರ್ತಿಯಾಗಿ ಮತ್ತೆ ಮತ್ತೆ ಒತ್ತಿದ. ಕೆಲವೇ ಕ್ಷಣಗಳಲ್ಲಿ ಬಾಲದ ನೆಟ್ಟನೆಯ ರೆಕ್ಕೆ ಮುರಿದುಹೋಯಿತು. ವಿಮಾನದಲ್ಲಿದ್ದ 260 ಮಂದಿಯೂ ನೆಲದ ಮೇಲಿದ್ದ 5 ಮಂದಿಯೂ ಸತ್ತರು.

ಆತ ಹಾಗೆ ಏಕೆ ಮಾಡಿದ? ತನಿಖೆ ನಡೆಸಿದ ಮಂಡಳಿ 2004ರಲ್ಲಿ ತನ್ನ ನಿರ್ಣಯವನ್ನು ಕೊಟ್ಟಿತು. ಅನಗತ್ಯವಾಗಿ, ಅತಿಯಾಗಿ ರಡರನ್ನು ಒತ್ತಿದ್ದೇ ಮುಖ್ಯ ಕಾರಣ. ಅದಕ್ಕೆ ಸಹಾಯಕವಾದವು ಎರಡು: ಆ ವಿಮಾನದ ರಡರ್ ವ್ಯವಸ್ಥೆಯ ಸ್ವಭಾವ, ಮತ್ತು ಆ ಸಂಸ್ಥೆಯ ತರಬೇತಿಯ ಕೆಲವು ಅಂಶಗಳು. ಆ ತರಬೇತಿಯ ಒಂದು ಸಿಮ್ಯುಲೇಟರ್ ಪಾಠದಲ್ಲಿ, ಗಾಳಿಯ ಸುಳಿಗೆ ಸಿಕ್ಕಿದಂತೆ ಮಾಡಿ, ವಿಮಾನ ಬಹಳವಾಗಿ ಹೊರಳಲೆಂದು ಸ್ವಲ್ಪ ಹೊತ್ತು ಚಾಲಕನ ಹಿಡಿಕೋಲಿಗೆ ಫಲವೇ ಇಲ್ಲದಂತೆ ಯಂತ್ರವನ್ನು ಹೊಂದಿಸಿದ್ದರು. ನಿಜ ವಿಮಾನ ಹಾಗೆ ನಡೆದುಕೊಳ್ಳುವುದಿಲ್ಲ. ದೊಡ್ಡ ವಿಮಾನವೂ ಸುಳಿಗೆ ಸಿಕ್ಕರೆ ತಲೆಕೆಳಗಾಗಬಹುದು, ಬಲವಾಗಿ ಒತ್ತದೆ ಉಳಿವಿಲ್ಲ ಎಂಬ ಭಾವನೆ ಕಲಿತವರ ಮನಸ್ಸಿನಲ್ಲಿ ಇದರಿಂದ ಬೇರೂರಿರಬಹುದು ಎಂಬುದು ಮಂಡಳಿಯ ಅಭಿಪ್ರಾಯ.

ಅಂದರೆ ಯಂತ್ರ ಕೆಟ್ಟಿರಲಿಲ್ಲ; ಶಿಕ್ಷಕರೂ ಕೆಟ್ಟ ಉದ್ದೇಶದವರಲ್ಲ. ಪಾಠ ಮನಸ್ಸಿನಲ್ಲಿ ನಿಲ್ಲಲೆಂದು ಸುಳ್ಳನ್ನು ಸ್ವಲ್ಪ ದೊಡ್ಡದು ಮಾಡಿದರು, ಅಷ್ಟೆ. ಆದುದರಿಂದ ಯಂತ್ರವನ್ನು ಅಳೆದರೆ ಸಾಲದು. ಅದರಲ್ಲಿ ಕಲಿಸುವ ಪಾಠವನ್ನೂ ಅಳೆಯಬೇಕು.

ಅಭಿಮನ್ಯುವಿನ ವಿದ್ಯೆ

ಚಕ್ರವ್ಯೂಹವನ್ನು ಹೊಗಲು ತಿಳಿದು, ಹೊರಬರಲು ತಿಳಿಯದೆ ಮಡಿದ ಅಭಿಮನ್ಯುವಿನ ಕಥೆ ನಮಗೆಲ್ಲ ಗೊತ್ತು. ಅರ್ಧ ಕಲಿತ ವಿದ್ಯೆಯ ಅಪಾಯ ವಿಮಾನಯಾನದಲ್ಲಿಯೂ ಕಾಣಿಸಿಕೊಂಡಿತು. ವೇಗ ಕುಗ್ಗಿ ಮೂಗು ಮೇಲೆದ್ದಾಗ ರೆಕ್ಕೆಯ ಮೇಲಿನ ಗಾಳಿಯ ಹರಿವು ಕದಡಿ, ಅದರ ಎತ್ತುವ ಶಕ್ತಿ ಕುಸಿಯುವುದಕ್ಕೆ ಸ್ಟಾಲ್ ಎನ್ನುತ್ತಾರೆ. ಇದು ಹತ್ತಿರವಾದಾಗ ಒಂದು ಉಪಕರಣ ಹಿಡಿಕೋಲನ್ನು ಗಡಗಡ ನಡುಗಿಸಿ ಎಚ್ಚರಿಸುತ್ತದೆ. ಆಗ ಕೋಲನ್ನು ಮುಂದಕ್ಕೆ ತಳ್ಳಿ ಮೂಗನ್ನು ಇಳಿಸಬೇಕು. ಬಹುಕಾಲ ಸಿಮ್ಯುಲೇಟರಿನಲ್ಲಿ ಕಲಿಸುತ್ತಿದ್ದುದು ಸ್ಟಾಲಿನ ಹೊಸ್ತಿಲವರೆಗೆ ಮಾತ್ರ. ಅದರ ಒಳಗೆ ಹೋದಮೇಲೆ ವಿಮಾನ ಹೇಗೆ ವರ್ತಿಸುತ್ತದೆಂಬ ಅಂಕಿಗಳು ಯಂತ್ರಗಳಲ್ಲಿ ಸಾಕಷ್ಟು ಇರಲಿಲ್ಲ, ನಿಯಮವೂ ಕೇಳುತ್ತಿರಲಿಲ್ಲ.

2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ಬಫಲೋ ನಗರದ ಬಳಿ ಕೋಲ್ಗನ್ ಏರ್ ಸಂಸ್ಥೆಯ ವಿಮಾನದಲ್ಲಿ ಹಿಡಿಕೋಲು ನಡುಗಿತು. ಕ್ಯಾಪ್ಟನ್ ಅದನ್ನು ತಳ್ಳುವ ಬದಲು ಎಳೆದ. ಕೋಲನ್ನು ತಾನೇ ಮುಂದೊತ್ತುವ ಇನ್ನೊಂದು ಉಪಕರಣ ಕೆಲಸ ಮಾಡಿದಾಗಲೂ ಅದಕ್ಕೆ ಎದುರಾಗಿ ಎಳೆದ. ಆ ಉಪಕರಣ ಕೈಗೆ ಹೇಗೆ ತಾಕುತ್ತದೆಂಬುದನ್ನು ಸಿಮ್ಯುಲೇಟರಿನಲ್ಲಿ ತೋರಿಸಬೇಕೆಂಬ ಕಡ್ಡಾಯ ಆಗ ಇರಲಿಲ್ಲ. ನೆಲದ ಮೇಲಿನ ಒಬ್ಬರೂ ಸೇರಿ 50 ಮಂದಿ ಸತ್ತರು. ಸತ್ತವರ ಬಂಧುಗಳು ಸುಮ್ಮನೆ ಕೂರದೆ ವಾಷಿಂಗ್ಟನ್ನಿನ ಬಾಗಿಲು ತಟ್ಟಿದರು. 2010ರಲ್ಲಿ ಕಾಯಿದೆಯಾಯಿತು, 2013ರಲ್ಲಿ ನಿಯಮವಾಯಿತು, 2016ರಲ್ಲಿ ಯಂತ್ರಗಳ ಅಳತೆಗಳನ್ನು ತಿದ್ದಿದರು. ಪೂರ್ಣ ಸ್ಟಾಲಿನಿಂದ ಹೊರಬರುವ ಪಾಠ ಅಮೆರಿಕದ ವಿಮಾನ ಸಂಸ್ಥೆಗಳಿಗೆ 2019ರಿಂದ ಕಡ್ಡಾಯವಾಯಿತು. ಹತ್ತು ವರ್ಷ ಹಿಡಿಯಿತು. ನಿಯಮದ ಒಂದೊಂದು ಸಾಲಿನ ಹಿಂದೆಯೂ ಇಂತಹ ಒಂದು ಊರಿನ ದುಃಖ ಇರುತ್ತದೆಂಬುದನ್ನು ನಾವು ಮರೆಯಬಾರದು.

ಉಳಿತಾಯದ ಬೆಲೆ

ಮೂರನೆಯದು ಪಾಠವನ್ನೇ ಬಿಟ್ಟುಬಿಟ್ಟ ಪ್ರಸಂಗ. ಬೋಯಿಂಗ್ ಸಂಸ್ಥೆ ತನ್ನ ಹಳೆಯ 737ರ ಮಾದರಿಯನ್ನು ತಿದ್ದಿ 737 ಮ್ಯಾಕ್ಸ್ ಎಂಬ ಹೊಸ ವಿಮಾನವನ್ನು ಹೊರತಂದಿತು. ಹಳೆಯ 737 ಹಾರಿಸುವವರಿಗೆ ಹೊಸದಕ್ಕಾಗಿ ಸಿಮ್ಯುಲೇಟರ್ ತರಬೇತಿ ಬೇಡ, ಕಂಪ್ಯೂಟರಿನ ಮುಂದೆ ಕೆಲವು ಗಂಟೆಗಳ ಪಾಠ ಸಾಕು ಎಂಬುದು ವ್ಯಾಪಾರಕ್ಕೆ ಅನುಕೂಲವಾದ ಮಾತಾಗಿತ್ತು. ಸಿಮ್ಯುಲೇಟರ್ ಬೇಕಾಗಿ ಬಂದರೆ ಒಂದೊಂದು ವಿಮಾನಕ್ಕೆ 10 ಲಕ್ಷ ಡಾಲರ್ ಬಿಟ್ಟುಕೊಡುವುದಾಗಿ ಅಮೆರಿಕದ ಒಂದು ವಿಮಾನ ಸಂಸ್ಥೆಗೆ ಬೋಯಿಂಗ್ ಒಪ್ಪಿಕೊಂಡಿತ್ತು. ಇಷ್ಟರಲ್ಲಿ ಆ ವಿಮಾನದಲ್ಲಿ ಮೂಗನ್ನು ತಾನಾಗಿಯೇ ಕೆಳಗಿಳಿಸುವ ಒಂದು ವ್ಯವಸ್ಥೆಯನ್ನು ಇಟ್ಟಿದ್ದರು. ಚಾಲಕರ ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ.

2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯದಲ್ಲಿ 189, 2019ರ ಮಾರ್ಚಿನಲ್ಲಿ ಇಥಿಯೋಪಿಯದಲ್ಲಿ 157, ಒಟ್ಟು 346 ಮಂದಿ ಸತ್ತ ಮೇಲೆ ಮ್ಯಾಕ್ಸ್ ವಿಮಾನಗಳು ಲೋಕದಾದ್ಯಂತ ನೆಲಕ್ಕೆ ಇಳಿದುವು. ಆಗ ಇನ್ನೊಂದು ಸಂಗತಿ ಹೊರಬಿತ್ತು: ಮ್ಯಾಕ್ಸ್‌ಗೆಂದು ಮಾಡಿದ್ದ ಸಿಮ್ಯುಲೇಟರಿನ ಲೆಕ್ಕದಲ್ಲಿಯೂ ದೋಷವಿದ್ದು, ಆ ಅಪಘಾತಗಳಂತಹ ಕೆಲವು ಸನ್ನಿವೇಶಗಳನ್ನು ಅದು ಸರಿಯಾಗಿ ತೋರಿಸಲಾರದಾಗಿತ್ತು ಎಂದು ಸಂಸ್ಥೆಯೇ 2019ರಲ್ಲಿ ಒಪ್ಪಿಕೊಂಡಿತು. 2020ರ ನವೆಂಬರಿನಲ್ಲಿ ಅಮೆರಿಕವೂ 2021ರ ಆಗಸ್ಟಿನಲ್ಲಿ ಭಾರತವೂ ಆ ವಿಮಾನಕ್ಕೆ ಮತ್ತೆ ಅನುಮತಿ ಕೊಟ್ಟಾಗ ಚಾಲಕರ ಸಿಮ್ಯುಲೇಟರ್ ತರಬೇತಿ ಕಡ್ಡಾಯವಾಗಿತ್ತು.

ಅಲ್ಲಿಗೆ ಕಥೆ ಮುಗಿಯಿತೆಂದುಕೊಂಡರೆ ತಪ್ಪು. 2022ರ ವಸಂತದಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು ದೆಹಲಿಯ ಸಮೀಪದ ಒಂದು ಮ್ಯಾಕ್ಸ್ ಸಿಮ್ಯುಲೇಟರನ್ನು ಪರಿಶೀಲಿಸಿದಾಗ, ಸಹಚಾಲಕನ ಕಡೆಯ ಹಿಡಿಕೋಲು ನಡುಗುತ್ತಲೇ ಇರಲಿಲ್ಲ. ಯಾವ ಎಚ್ಚರಿಕೆಯನ್ನು ಕೈಗೆ ಪರಿಚಯ ಮಾಡಿಸಬೇಕಾಗಿತ್ತೋ ಅದೇ ಇಲ್ಲದ ಯಂತ್ರದಲ್ಲಿ ತರಬೇತಿ ನಡೆದಿತ್ತು. ಒಂದು ವಿಮಾನ ಸಂಸ್ಥೆಯ 90 ಮಂದಿ ಚಾಲಕರು ಮತ್ತೆ ತರಬೇತಿ ಪಡೆಯುವವರೆಗೆ ಮ್ಯಾಕ್ಸ್ ಹಾರಿಸಬಾರದೆಂದು ಆಜ್ಞೆಯಾಯಿತು. ಸಂಸ್ಥೆಗೆ 10 ಲಕ್ಷ ರೂಪಾಯಿ ದಂಡ ಬಿತ್ತು. 2025ರಲ್ಲಿ ಇನ್ನೊಂದು ಸಂಸ್ಥೆಗೆ, ಇಳಿಯಲು ಕಠಿಣವಾದ ನಿಲ್ದಾಣಗಳ ತರಬೇತಿಗೆ ಅರ್ಹತೆಯಿಲ್ಲದ ಸಿಮ್ಯುಲೇಟರ್ ಬಳಸಿತೆಂಬ ಆಪಾದನೆಯ ಮೇಲೆ ದಂಡ ಹಾಕಲಾಯಿತು. ಮೇಲ್ಮನವಿ ಮಾಡುವುದಾಗಿ ಆ ಸಂಸ್ಥೆ ಹೇಳಿತು. ದಂಡದ ಮೊತ್ತಕ್ಕಿಂತ, ಯಾರೋ ಹೋಗಿ ನೋಡಿದರೆಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ನೋಡದಿದ್ದರೆ ಕಾಗದದ ಮೇಲೆ ಎಲ್ಲರೂ ತರಬೇತಾದವರೇ.

ಎಷ್ಟನ್ನು ಹಾರಾಟವೆನ್ನಬಹುದು?

ಇನ್ನು ನನ್ನ ದಿನಚರಿಯ ಪ್ರಶ್ನೆ. ನೆಲದ ಮೇಲೆ ಕುಳಿತ ಗಂಟೆಯನ್ನು ಆಕಾಶದ ಗಂಟೆಯೆಂದು ಎಷ್ಟರಮಟ್ಟಿಗೆ ಲೆಕ್ಕ ಹಿಡಿಯಬಹುದು? ಭಾರತದಲ್ಲಿ ವೃತ್ತಿಯ ಚಾಲಕನಾಗಲು 200 ಗಂಟೆಗಳ ಹಾರಾಟ ಬೇಕು. ಅದರ ಬಹುಪಾಲು ಆಕಾಶದ್ದೇ. ಅತ್ಯುನ್ನತ ಪರವಾನಗಿಗೆ ಅಂತರರಾಷ್ಟ್ರೀಯ ನಿಯಮ ಕೇಳುವುದು 1,500 ಗಂಟೆ. ಅದರಲ್ಲಿ ಸಿಮ್ಯುಲೇಟರಿನದು 100ಕ್ಕೆ ಮೀರುವಂತಿಲ್ಲ. ಆದರೆ 2006ರಲ್ಲಿ ಅದೇ ಅಂತರರಾಷ್ಟ್ರೀಯ ಸಂಸ್ಥೆ ತಂದ ಹೊಸ ಬಗೆಯ ಪರವಾನಗಿಯಲ್ಲಿ ಆಕಾಶದ್ದೂ ನೆಲದ್ದೂ ಸೇರಿ 240 ಗಂಟೆಗಳು, ಅದರಲ್ಲಿ ಹೆಚ್ಚಿನ ಭಾಗ ಸಿಮ್ಯುಲೇಟರಿನಲ್ಲಿಯೇ ಆಗಬಹುದು. ಮೊದಲೇ ಅನುಭವವುಳ್ಳ ಚಾಲಕನಾದರೆ ಮೇಲಿನ ದರ್ಜೆಯ ಯಂತ್ರದಲ್ಲಿ ಕಲಿತು, ಹೊಸ ಬಗೆಯ ವಿಮಾನವನ್ನು ಮೊದಲ ಬಾರಿಗೆ ಪ್ರಯಾಣಿಕರೊಡನೆಯೇ, ಹಿರಿಯರ ಮೇಲ್ವಿಚಾರಣೆಯಲ್ಲಿ ಇಳಿಸುವುದೂ ಉಂಟು.

ಈ ವಿಷಯದಲ್ಲಿ ತಿಳಿದವರಲ್ಲಿಯೇ ಎರಡು ಪಕ್ಷಗಳಿವೆ. ಗಂಟೆಗಳನ್ನು ಎಣಿಸುವುದು ವ್ಯರ್ಥ, ಕೌಶಲವನ್ನು ಅಳೆಯಿರಿ ಎಂಬುದು ಒಂದು. ನಿಜವಾದ ಗಾಳಿಯ, ನಿಜವಾದ ಭಯದ ಪರಿಚಯವಿಲ್ಲದವನು ಪೂರ್ಣ ವೈಮಾನಿಕನಲ್ಲ ಎಂಬುದು ಇನ್ನೊಂದು. ಸಿಮ್ಯುಲೇಟರಿನಲ್ಲಿ ಕುಳಿತವನಿಗೆ ತಾನು ಸಾಯುವುದಿಲ್ಲವೆಂದು ಒಳಗೊಳಗೆ ಗೊತ್ತು. ಇದನ್ನು ಯಾವ ಪರದೆಯೂ ಮರೆಸಲಾರದು. ಎರಡರಲ್ಲಿಯೂ ಸತ್ಯವಿದೆಯೆಂದು ನನಗೆ ತೋರುತ್ತದೆ. ಅಪಾಯವನ್ನು ನೆಲದಲ್ಲಿ ಕಲಿಯಲಿ. ಆಕಾಶವನ್ನು ಆಕಾಶದಲ್ಲಿ ಕಲಿಯಲಿ. ಒಂದನ್ನು ಇನ್ನೊಂದರ ಬದಲಿಗೆ ಖರ್ಚು ಉಳಿಸಲು ಮಾತ್ರ ಇಟ್ಟಾಗ ನಿಯಮ ಅಡ್ಡ ನಿಲ್ಲಬೇಕು.

ಬಜಪೆಯ ಬೆಟ್ಟ

ಕೊನೆಯದಾಗಿ ನಮ್ಮ ಮನೆಯ ಮಾತು. ನನ್ನ ಸೋದರಮಾವ ಬಹಳ ವರ್ಷಗಳಿಂದ ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದಾರೆ. ಅವರು ಊರಿಗೆ ಬರುವ ದಿನ ನಮ್ಮ ಅಜ್ಜಿ ದೇವರ ಮುಂದೆ ದೀಪ ಹಚ್ಚಿಟ್ಟು, ಮಾವ ಬಜಪೆಯಲ್ಲಿ ಇಳಿದು ಫೋನು ಮಾಡುವವರೆಗೆ ಅದು ಆರದಂತೆ ನೋಡಿಕೊಳ್ಳುತ್ತಾರೆ. 2010ರ ಮೇ 22ರ ಬೆಳಗಿನಿಂದ ಬಂದ ಅಭ್ಯಾಸ ಅದು. ಅಂದು ದುಬಾಯಿಯಿಂದ ಬಂದ ವಿಮಾನ ಬೆಟ್ಟದ ತಲೆಯ ಮೇಲಿರುವ ಮಂಗಳೂರಿನ ರನ್‌ವೇಯಲ್ಲಿ ನಿಲ್ಲದೆ ಮುಂದಕ್ಕೆ ಹೋಗಿ ಕಮರಿಗೆ ಬಿತ್ತು. 166 ಮಂದಿಯಲ್ಲಿ ಉಳಿದವರು 8 ಮಂದಿ. ಮಾವ ಅದರಲ್ಲಿ ಇರಲಿಲ್ಲ. ಆದರೆ ಆ ದಿನ ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಒಲೆ ಹೊತ್ತಲಿಲ್ಲವೆಂಬುದನ್ನು ಅಜ್ಜಿ ಇಂದಿಗೂ ಹೇಳುತ್ತಾರೆ.

ತನಿಖೆಯ ವರದಿಯ ಪ್ರಕಾರ ವಿಮಾನ ಬೇಕಾದುದಕ್ಕಿಂತ ಎತ್ತರದಲ್ಲಿ ಬರುತ್ತಿತ್ತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಸಹಚಾಲಕರು ಮೂರು ಬಾರಿ ಹೇಳಿದರು. ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ. ಕಿರಿಯನ ಮಾತನ್ನು ಹಿರಿಯ ಕೇಳುವುದು, ಹಿರಿಯ ಕೇಳದಿದ್ದರೆ ಕಿರಿಯ ಏನು ಮಾಡಬೇಕೆಂಬುದು, ಇದೂ ಒಂದು ವಿದ್ಯೆ. 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಕರೆದ ಒಂದು ವಿಚಾರಗೋಷ್ಠಿಯಿಂದ ಮೊದಲ್ಗೊಂಡು, ಚಾಲಕರಿಬ್ಬರನ್ನೂ ಒಟ್ಟಿಗೆ ಸಿಮ್ಯುಲೇಟರಿನಲ್ಲಿ ಕುಳ್ಳಿರಿಸಿ ಇಡೀ ಒಂದು ಪ್ರಯಾಣವನ್ನು ಮಾಡಿಸಿ, ಅವರು ಒಬ್ಬರೊಡನೊಬ್ಬರು ಹೇಗೆ ಮಾತಾಡಿದರೆಂಬುದನ್ನು ಪರಿಶೀಲಿಸುವ ಪದ್ಧತಿ ಬೆಳೆದುಬಂದಿದೆ. ಗುರುಹಿರಿಯರಿಗೆ ಎದುರಾಡಬಾರದೆಂದು ಕಲಿತು ಬೆಳೆದ ನಮಗೆ ಈ ಪಾಠ ಎಲ್ಲಕ್ಕಿಂತ ಅಗತ್ಯವಾದುದು. ನೆಲದ ಮೇಲೆ ಹತ್ತು ಬಾರಿ “ಬೇಡ ಸರ್, ಮೇಲೇರೋಣ” ಎಂದು ಗಟ್ಟಿಯಾಗಿ ಹೇಳಿ ಅಭ್ಯಾಸವಾದವನಿಗೆ, ಅದನ್ನು ಹತ್ತು ಬಾರಿ ಕೇಳಿ ಮನ್ನಿಸಿ ಅಭ್ಯಾಸವಾದವನಿಗೆ, ಬೆಟ್ಟದ ಅಂಚಿನಲ್ಲಿ ಆ ಮಾತು ಹೊಸದಾಗಿರುವುದಿಲ್ಲ.

ಕಳೆದ ಬಾರಿ ಮಾವ ಬರುವ ದಿನ ನಾನು ದೀಪದ ಬಳಿ ಕುಳಿತು ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಪೈಲಟನ್ನು ಮೊದಲೇ ಎಷ್ಟೋ ಸಲ ಬೀಳಿಸಿ ಕಲಿಸಿರುತ್ತಾರೆ ಅನ್ನು” ಎಂದರು.

“ಹೌದಜ್ಜಿ.”

“ಸರಿಯಾಗಿ ಕಲಿಸಿದ್ದಾರೋ ಇಲ್ಲವೋ ನೋಡುವವರು ಯಾರು ಮಗಾ?”

ನನ್ನ ಶಿಕ್ಷಕರು ಕೇಳಿದ ಪ್ರಶ್ನೆಯೇ ಅದು. ಈ ಸಲ ನನ್ನ ಬಳಿ ಉತ್ತರವಿತ್ತು. ನೋಡುವವರು ಸರಕಾರದ ಪರೀಕ್ಷಕರು. 2025ರ ಜನವರಿ 1ರಿಂದ ಜಾರಿಗೆ ಬಂದ ಹೊಸ ವಿಮಾನ ಕಾಯಿದೆಯ ಅಡಿಯಲ್ಲಿಯೂ ಆ ಹೊಣೆ ಮಹಾನಿರ್ದೇಶನಾಲಯದ ಮೇಲೆಯೇ ಇದೆ. ನಮ್ಮ ಬೆಂಗಳೂರಿನಲ್ಲಿಯೇ ವಿಮಾನಗಳಿಗೂ ಹೆಲಿಕಾಪ್ಟರುಗಳಿಗೂ ಸಿಮ್ಯುಲೇಟರ್ ಕೇಂದ್ರಗಳು ಬೆಳೆದಿವೆ. ನಮ್ಮ ಕಾಲೇಜಿನಿಂದ ಹೊರಟವರಲ್ಲಿ ಪೈಲಟ್ ಆಗುವವರು ಕಡಮೆ ಇರಬಹುದು. ಆದರೆ ಸರಕಾರದ ಕಚೇರಿಯಲ್ಲಿ ಕುಳಿತು ಕಡತ ನೋಡುವವರು, ನಿಯಮ ಬರೆಯುವವರು, ಪತ್ರಿಕೆಯಲ್ಲಿ ಪ್ರಶ್ನೆ ಕೇಳುವವರು ಖಂಡಿತ ಇರುತ್ತಾರೆ. ಅಂತಹವರ ಮುಂದೆ ಒಂದು ದಿನ “ಯಂತ್ರದ ಒಂದು ಸಣ್ಣ ಭಾಗ ಕೆಟ್ಟಿದೆ, ಈ ಸಲ ಸಹಿ ಮಾಡಿಬಿಡಿ” ಎಂಬ ಕಾಗದ ಬಂದೀತು. ಆ ಗಳಿಗೆಯಲ್ಲಿ ಅವರು ಪೆನ್ನನ್ನು ಕೆಳಗಿಟ್ಟು ಎದ್ದು ಹೋಗಿ ಯಂತ್ರವನ್ನು ನೋಡಿ ಬರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ನನ್ನ ದಿನಚರಿಯಲ್ಲಿ ಕೆಂಪು ಗೆರೆ ಎಳೆದ ಆ ಸಾಲನ್ನು ನಾನು ಹಾಗೆಯೇ ಉಳಿಸಿಕೊಂಡಿದ್ದೇನೆ.